ಧಾರಣೆಯ ಅಭ್ಯಾಸ

ಉಕ್ತಲೇಖನದ ಹೊತ್ತಿನಲ್ಲಿ ದೀರ್ಘವಾಕ್ಯದ ನಡುವೆ ಲೇಖನಿ ತಡೆದ ಬಾಲಕನನ್ನು ಮಂದಮತಿಯೆಂದು ಗದರುವುದು ಸುಲಭ. ಕೇಳಿದ್ದನ್ನು ಕ್ಷಣಕಾಲ ಹಿಡಿದಿಟ್ಟು, ಅದರಿಂದಲೇ ಮುಂದಿನ ಕಾರ್ಯ ನಡೆಸುವ ಧಾರಣಶಕ್ತಿ ಎಲ್ಲರಲ್ಲಿಯೂ ಅಲ್ಪವೇ.

ಅಭ್ಯಾಸದಿಂದ ಅದು ಬೆಳೆಯುವುದೇ? ಅಮೆರಿಕದಲ್ಲಿ ಎರಿಕ್‌ಸನ್ ಮತ್ತು ಸಂಗಡಿಗರು ನಡೆಸಿ ೧೯೮೦ರಲ್ಲಿ ಪ್ರಕಟಿಸಿದ ಪ್ರಯೋಗವು ಇಲ್ಲಿ ಮನನೀಯ. ಏಳು ಅಂಕಿಗಳನ್ನಷ್ಟೇ ಒಪ್ಪಿಸುತ್ತಿದ್ದ ವಿದ್ಯಾರ್ಥಿಯೊಬ್ಬನು ಸುಮಾರು ೨೩೦ ಗಂಟೆಗಳ ಅಭ್ಯಾಸದಿಂದ ೭೯ ಅಂಕಿಗಳನ್ನು ಒಪ್ಪಿಸುವಂತಾದನು. ಓಟಗಾರನಾದ ಆತನು ಅಂಕಿಗಳನ್ನು ಮೂರು ನಾಲ್ಕರಂತೆ ಕಟ್ಟುಗಟ್ಟಿ, ಓಟದ ವೇಳೆಗಳೆಂದು ಭಾವಿಸಿಕೊಳ್ಳುತ್ತಿದ್ದನು. ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟೊಡನೆ ಮತ್ತೆ ಆರಕ್ಕೇ ಇಳಿದನು! ಪಾತ್ರೆ ಹಿಗ್ಗಿರಲಿಲ್ಲ, ತುಂಬುವ ಕ್ರಮ ಬದಲಾಗಿತ್ತು.

ಅಷ್ಟಾವಧಾನಿಯ ಮರ್ಮವೂ ಇದಕ್ಕೆ ದೂರವಲ್ಲ. ಎಂಟು ಮಂದಿ ಪೃಚ್ಛಕರು. ನಿಷೇಧಾಕ್ಷರಿ, ದತ್ತಪದಿ, ಸಮಸ್ಯೆಗಳನ್ನು ಸುತ್ತಿಗೊಂದು ಪಾದದಂತೆ ಪೂರೈಸಿ, ಕೊನೆಗೆ ಎಲ್ಲ ಪದ್ಯಗಳನ್ನೂ ಧಾರಣೆಯಿಂದ ಒಪ್ಪಿಸಬೇಕು. ನಡುವೆ ಅಪ್ರಸ್ತುತಪ್ರಸಂಗಿಯ ಕೀಟಲೆ ಬೇರೆ. ಆದರೆ ಛಂದಸ್ಸು ಅಕ್ಷರಗಳನ್ನು ಗಣಗಳಾಗಿ ಕಟ್ಟಿಕೊಡುತ್ತದೆ. ದ್ವಿತೀಯಾಕ್ಷರಪ್ರಾಸವು ಮುಂದಿನ ಪಾದದ ಬಾಗಿಲನ್ನು ತೆರೆದಿರಿಸುತ್ತದೆ. ಮಗ್ಗಿಯನ್ನು ರಾಗವಾಗಿ ಹೇಳಿಸುತ್ತಿದ್ದ ಕೂಲಿಮಠದ ಐಗಳು ಇದನ್ನು ಅರಿಯದವರೇನಲ್ಲ.

ಅರ್ಥವಿಲ್ಲದ ಅಂಕಿಗಳ ಕಸರತ್ತು ಆ ಕಸರತ್ತಿನಲ್ಲಿಯೇ ಜಾಣ್ಮೆ ತಂದೀತು, ಪಾಠದಲ್ಲಿ ಅಲ್ಲ. ವಾಕ್ಯವನ್ನು ಅನ್ವಯವರಿತು ಬಿಡಿಸಿ ಹೇಳಿದರೆ ಆ ಬಾಲಕನ ಲೇಖನಿಯೂ ಮುಂದೆ ಸಾಗೀತು.