ಬೆರಳ ತುದಿಯ ತಾಳ

ಅದು 2005ನೇ ಇಸವಿ. ಲಾಸ್ ಏಂಜಲೀಸ್ ನಗರದ ಆಸ್ಪತ್ರೆಯೊಂದರ ಕೋಣೆ. ಹಾಸಿಗೆಯ ಮೇಲೆ 31 ವರ್ಷದ ಮಗ. ಕೈಬೆರಳುಗಳು ಬಾತುಕೊಂಡಿವೆ, ಮಡಿಸಿದರೂ ನೋವು, ಬಿಡಿಸಿದರೂ ನೋವು. ಪಕ್ಕದಲ್ಲಿ ಕುಳಿತ ತಾಯಿ ಒಂದೊಂದೇ ಬೆರಳನ್ನು ಹಿಡಿದು ಮೆಲ್ಲಗೆ ನೀವುತ್ತಾರೆ. ನೋವು ಕೊಂಚ ಇಳಿಯಿತೆನ್ನುವಾಗ ಮಗ ಪುಟ್ಟ ಯಂತ್ರವೊಂದನ್ನು ಹತ್ತಿರಕ್ಕೆಳೆದುಕೊಂಡು ಅದರ ಗುಂಡಿಗಳನ್ನು ಒತ್ತತೊಡಗುತ್ತಾನೆ. ಆ ತಾಯಿ ಮೌರೀನ್ ಯಾನ್ಸಿ ಮುಂದೆ ಹಲವು ಸಲ ನೆನಪಿಸಿಕೊಂಡಿರುವ ದೃಶ್ಯವಿದು. ಮಗನ ಹೆಸರು ಜೇಮ್ಸ್ ಡಿವಿಟ್ ಯಾನ್ಸಿ. ಸಂಗೀತಲೋಕ ಆತನನ್ನು ಜೆ ಡಿಲ್ಲಾ ಎಂದು ಕರೆಯುತ್ತದೆ.

ಹಿಪ್‌ಹಾಪ್ ಎಂದೊಡನೆ ಮಾತನ್ನೇ ತಾಳಕ್ಕೆ ಹೊಂದಿಸಿ ಪಟಪಟನೆ ಹೇಳುವ ಹುಡುಗರು ಕಣ್ಣಿಗೆ ಕಟ್ಟುತ್ತಾರೆ. ಆದರೆ ಆ ಮಾತಿಗೆ ಕಾಲೂರಲು ನೆಲ ಬೇಕಲ್ಲ? ಆ ನೆಲವನ್ನು ಹದ ಮಾಡಿಕೊಡುವವನೇ ಪ್ರೊಡ್ಯೂಸರ್. ಹಳೆಯ ಗ್ರಾಮಫೋನ್ ತಟ್ಟೆಗಳಿಂದ ಒಂದು ಕಹಳೆಯ ಕೂಗು, ಒಂದು ಪಿಯಾನೋದ ತುಣುಕು, ಯಾರದೋ ಅರ್ಧ ಉಸಿರು ಇವನ್ನೆಲ್ಲ ಕತ್ತರಿಸಿ ಜೋಡಿಸಿ, ಅದಕ್ಕೊಂದು ಡ್ರಮ್ಮಿನ ನಡಿಗೆ ಕೊಡುವುದು ಅವನ ಕಸುಬು. ಜೇಮ್ಸ್ ರ‍್ಯಾಪರೂ ಹೌದು. ಆದರೆ ಆತ ಬದಲಾಯಿಸಿದ್ದು ನೆಲವನ್ನು.

ಹುಟ್ಟಿದ್ದು 1974ರ ಫೆಬ್ರವರಿ 7ರಂದು, ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಕಾರುಗಳ ಊರು, ಮೋಟೌನ್ ಎಂಬ ಹೆಸರಾಂತ ಸಂಗೀತ ಸಂಸ್ಥೆ ಹುಟ್ಟಿದ ಊರು. ಆ ಸಂಸ್ಥೆ 1972ರಲ್ಲಿ ಲಾಸ್ ಏಂಜಲೀಸ್‌ಗೆ ಗಂಟು ಕಟ್ಟಿತ್ತು. ಕಾರ್ಖಾನೆಗಳೂ ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು. ಆದರೆ ಯಾನ್ಸಿಯವರ ಮನೆಯಲ್ಲಿ ಹಾಡು ನಿಂತಿರಲಿಲ್ಲ. ತಂದೆ ಬೆವರ್ಲಿ ಬಾಸ್ ವಾದಕರು. ತಾಯಿ ಒಪೆರಾ ಹಾಡುಗಾರಿಕೆ ಕಲಿತವರು. ಮಗು ಎರಡು ವರ್ಷದ್ದಿರುವಾಗಲೇ ತಟ್ಟೆಗಳನ್ನು ಕೂಡಿಡಲು ಆರಂಭಿಸಿತೆಂದು ಮನೆಯವರ ನೆನಪು.

ಹೈಸ್ಕೂಲು ವಯಸ್ಸಿಗೆ ಬಂದಾಗ ಜೇಮ್ಸ್ ಸೇರಿದ್ದು ವಿಮಾನ ತಾಂತ್ರಿಕ ವಿದ್ಯೆ ಕಲಿಸುವ ಶಾಲೆಗೆ. ಯಾವ ತಂದೆತಾಯಿಗಾದರೂ ನೆಮ್ಮದಿ ತರುವ ದಾರಿ ಅದು. ಹುಡುಗನ ಮನಸ್ಸು ಮಾತ್ರ ಬೇರೊಂದು ಯಂತ್ರವನ್ನು ಹುಡುಕುತ್ತಿತ್ತು. ಅದು ಸಿಕ್ಕಿದ್ದು ಕೊನಾಂಟ್ ಗಾರ್ಡನ್ಸ್ ಬಡಾವಣೆಯಲ್ಲೇ, ಆಂಪ್ ಫಿಡ್ಲರ್ ಎಂಬ ಕೀಬೋರ್ಡ್ ವಾದಕನ ಮನೆಯಲ್ಲಿ. ಫಿಡ್ಲರ್ ದೊಡ್ಡ ತಂಡಗಳೊಂದಿಗೆ ದೇಶ ಸುತ್ತಿದವನು; ಕೇರಿಯ ಹುಡುಗರಿಗೆ ತನ್ನ ಮನೆಯ ಬಾಗಿಲು ತೆರೆದಿಟ್ಟಿದ್ದ. ಅಲ್ಲಿತ್ತು ಆಕಾಯ್ ಕಂಪನಿಯ ಎಂಪಿಸಿ: 16 ರಬ್ಬರ್ ಗುಂಡಿಗಳ ಪೆಟ್ಟಿಗೆ. ಒಂದೊಂದು ಗುಂಡಿಗೂ ಒಂದೊಂದು ಸದ್ದನ್ನು ತುಂಬಿ ಬೆರಳಿನಿಂದ ಬಾರಿಸಬಹುದು. ಹುಡುಗ ಅದರ ಮುಂದೆ ಕುಳಿತವನು ಮತ್ತೆ ಏಳಲಿಲ್ಲವೆಂದೇ ಹೇಳಬೇಕು.

ತಪ್ಪಿದಂತೆ ಕಂಡ ಲೆಕ್ಕ

ಈ ಯಂತ್ರಕ್ಕೊಂದು ಗುಣವಿದೆ. ಬಾರಿಸುವವನ ಬೆರಳು ಕೂದಲೆಳೆಯಷ್ಟು ಹಿಂದೆ ಮುಂದೆ ಆದರೆ ಅದು ತಾನೇ ತಿದ್ದಿ ಪೆಟ್ಟನ್ನು ಗೆರೆಯ ಮೇಲೆ ಕೂರಿಸುತ್ತದೆ. ಕಾಪಿ ಪುಸ್ತಕದ ಅಕ್ಷರದಂತೆ ಎಲ್ಲವೂ ಅಚ್ಚುಕಟ್ಟು. ಬಹುಪಾಲು ಜನ ಅದನ್ನು ವರವೆಂದೇ ಬಳಸಿದರು. ಜೇಮ್ಸ್ ಬೇಕಾದ ಕಡೆ ಆ ತಿದ್ದುವಿಕೆಯನ್ನು ಆರಿಸಿಬಿಟ್ಟ. ಒಂದು ಪೆಟ್ಟನ್ನು ಚೂರು ಬೇಗ ಬೀಳಿಸಿದ, ಇನ್ನೊಂದನ್ನು ಚೂರು ತಡವಾಗಿ, ಮತ್ತೊಂದನ್ನು ಸರಿಯಾಗಿ ಗೆರೆಯ ಮೇಲೆ.

ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುವುದನ್ನು ಕಂಡವರಿಗೆ ಇದು ಅರ್ಥವಾದೀತು. ಒಂದು ಒನಕೆ ತುಸು ತಡೆದು ಬೀಳುತ್ತದೆ, ಇನ್ನೊಂದು ಆತುರಪಡುತ್ತದೆ. ಆದರೂ ಒನಕೆಗೆ ಒನಕೆ ತಾಗುವುದಿಲ್ಲ. ಆ ಏರುಪೇರಿನಲ್ಲೇ ಒಂದು ಲಯ ಹುಟ್ಟುತ್ತದೆ. ಡಿಲ್ಲಾನ ಸಂಗೀತವನ್ನು ಮೊದಲ ಸಲ ಕೇಳಿದ ಕೆಲವರಿಗೆ ತಾಳ ತಪ್ಪಿದೆಯೆಂದೇ ಅನಿಸಿತು. ತಪ್ಪಿರಲಿಲ್ಲ. ಎಲ್ಲೆಲ್ಲಿ ಎಷ್ಟೆಷ್ಟು ಜಾರಬೇಕೆಂಬ ಲೆಕ್ಕ ಆತನ ಬೆರಳಿನಲ್ಲಿತ್ತು. 'ದ ರೂಟ್ಸ್' ತಂಡದ ಡ್ರಮ್ ವಾದಕ ಕ್ವೆಸ್ಟ್‌ಲವ್, ಗಡಿಯಾರದಂತೆ ಬಾರಿಸುವುದನ್ನೇ ಸಾಧನೆಯೆಂದುಕೊಂಡಿದ್ದವನು, ಇದನ್ನು ಕೇಳಿ ತನ್ನ ಕೈಯನ್ನೇ ಹೊಸದಾಗಿ ಪಳಗಿಸಿಕೊಳ್ಳಬೇಕಾಯಿತು.

1994ರಲ್ಲಿ ಫಿಡ್ಲರ್ ತನ್ನ ಶಿಷ್ಯನನ್ನು 'ಎ ಟ್ರೈಬ್ ಕಾಲ್ಡ್ ಕ್ವೆಸ್ಟ್' ತಂಡದ ಕ್ಯೂ-ಟಿಪ್‌ಗೆ ಪರಿಚಯಿಸಿದ. ಹುಡುಗನ ಕೈಯಲ್ಲಿದ್ದುದು ಒಂದು ಕ್ಯಾಸೆಟ್ ಮಾತ್ರ. ಮರುವರ್ಷವೇ 'ಫಾರ್‌ಸೈಡ್' ತಂಡದ ಆಲ್ಬಂನಲ್ಲಿ ಆತನ ಕೆಲಸ ಕೇಳಿಸಿತು. 1996ರಲ್ಲಿ ಕ್ಯೂ-ಟಿಪ್‌ನ ತಂಡಕ್ಕೇ ಸಂಗೀತ ಹೊಂದಿಸಿದ. ಆದರೆ ಅಲ್ಲಿ ಅಚ್ಚಾದದ್ದು 'ದ ಉಮ್ಮಾ' ಎಂಬ ಗುಂಪಿನ ಹೆಸರು. ಹಾಡು ಲಕ್ಷಾಂತರ ಕಿವಿಗಳನ್ನು ತಲುಪಿದರೂ ಅದನ್ನು ಕಟ್ಟಿದವನ ಹೆಸರು ಬಲ್ಲವರು ಕೆಲವರೇ. ಪರ್ಶಿಂಗ್ ಹೈಸ್ಕೂಲಿನ ಗೆಳೆಯರಾದ ಟಿ3 ಮತ್ತು ಬಾಟಿನ್ ಜೊತೆ ಕಟ್ಟಿದ 'ಸ್ಲಮ್ ವಿಲೇಜ್' ತಂಡದ ಮೊದಲ ಧ್ವನಿಮುದ್ರಣವೂ ಹಾಗೆಯೇ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದು ಕೈಯಿಂದ ಕೈಗೆ ದಾಟಿತು. 2000ದಲ್ಲಿ ಕಾಮನ್ ಹಾಡಿದ 'ದ ಲೈಟ್' ಮನೆಮಾತಾದಾಗಲೂ ಡಿಲ್ಲಾ ಹಿನ್ನೆಲೆಯಲ್ಲೇ ಇದ್ದ.

2001ರಲ್ಲಿ 'ವೆಲ್‌ಕಮ್ ಟು ಡೆಟ್ರಾಯಿಟ್' ಸ್ವಂತ ಹೆಸರಿನಲ್ಲಿ ಬಂತು. ದೊಡ್ಡ ಕಂಪನಿಯೊಂದು ಕರೆಯಿತು. ಆತ ಈ ಸಲ ಇತರರು ಹೊಂದಿಸಿದ ಸಂಗೀತಕ್ಕೆ ತಾನು ರ‍್ಯಾಪ್ ಮಾಡಲು ಹೊರಟ. ಕಂಪನಿ ಅದನ್ನು ಹೊರತರಲೇ ಇಲ್ಲ. ಆ ಆಲ್ಬಂ ಬೆಳಕು ಕಂಡದ್ದು 2016ರಲ್ಲಿ, ಹಾಡಿದವನು ತೀರಿಕೊಂಡು ಹತ್ತು ವರ್ಷದ ಮೇಲೆ. ಡಿಲ್ಲಾ ಮತ್ತೆ ಚಿಕ್ಕ ಸಂಸ್ಥೆಗಳತ್ತ ಹೊರಳಿದ. 2003ರಲ್ಲಿ ಮ್ಯಾಡ್‌ಲಿಬ್ ಜೊತೆ 'ಚಾಂಪಿಯನ್ ಸೌಂಡ್' ತಂದ. ಇವನ ತಾಳಕ್ಕೆ ಅವನ ಮಾತು, ಅವನ ತಾಳಕ್ಕೆ ಇವನ ಮಾತು!

ಹುಟ್ಟುಹಬ್ಬದ ಉಡುಗೊರೆ

ಅಷ್ಟರಲ್ಲಿ ದೇಹ ಕೈಕೊಟ್ಟಿತ್ತು. 2002ರಲ್ಲಿ ಟಿಟಿಪಿ ಎಂಬ ಅಪರೂಪದ ರಕ್ತರೋಗ ಪತ್ತೆಯಾಯಿತು. ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ. ಬೆನ್ನಿಗೇ ಲೂಪಸ್, ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ಬೇನೆ. ಲಾಸ್ ಏಂಜಲೀಸ್‌ಗೆ ಹೋಗಿ ನೆಲೆಸಿದ ಮಗನ ಆರೈಕೆಗೆ ತಾಯಿಯೂ ಬಂದರು. 2005ರ ಕೊನೆಗೆ ಆತ ಗಾಲಿಕುರ್ಚಿಯಲ್ಲಿ ಕುಳಿತೇ ಯೂರೋಪಿನ ವೇದಿಕೆಗಳಲ್ಲಿ ರ‍್ಯಾಪ್ ಮಾಡಿದ.

2006ರ ಫೆಬ್ರವರಿ 7, ಆತನಿಗೆ 32 ತುಂಬಿದ ದಿನ, 'ಡೋನಟ್ಸ್' ಬಿಡುಗಡೆಯಾಯಿತು. 31 ಪುಟ್ಟ ತುಣುಕುಗಳು; ಮಾತಿಲ್ಲ, ಬರೀ ಹೊಂದಿಕೆ. ಮೊದಲನೆಯ ತುಣುಕಿನ ಹೆಸರೇ 'ಮುಕ್ತಾಯ'. ಕೊನೆಯದು ಮತ್ತೆ ಮೊದಲಿಗೆ ಸೇರಿಕೊಳ್ಳುತ್ತದೆ, ಡೋನಟ್ ತಿಂಡಿಯ ಬಳೆಯಾಕಾರದಂತೆ. ಮೂರು ದಿನ ಕಳೆದು, ಫೆಬ್ರವರಿ 10ರಂದು, ಡಿಲ್ಲಾ ಮನೆಯಲ್ಲೇ ಕಣ್ಣು ಮುಚ್ಚಿದ.

ಇಡೀ ಆಲ್ಬಂ ಆಸ್ಪತ್ರೆಯ ಹಾಸಿಗೆಯಲ್ಲೇ ಹುಟ್ಟಿತೆಂಬ ಕಥೆ ಬಹುಕಾಲ ಓಡಾಡಿತು. 2022ರಲ್ಲಿ ಡ್ಯಾನ್ ಚಾರ್ನಾಸ್ ಬರೆದ ಜೀವನಚರಿತ್ರೆ ಅದನ್ನು ತಿದ್ದಿದೆ. ಅದರ ಹೆಚ್ಚಿನ ಭಾಗ ಮನೆಯಲ್ಲಿ ಮೊದಲೇ ಸಿದ್ಧವಾಗಿತ್ತು. ತಿದ್ದಿದ್ದು ಒಳ್ಳೆಯದೇ ಆಯಿತು. ನೋವಿನಿಂದಲೇ ಕಲೆ ಹುಟ್ಟುತ್ತದೆಂದು ಎಳೆಯರು ನಂಬಬೇಕಾಗಿಲ್ಲ. ಈ ಕಲೆ ಹುಟ್ಟಿದ್ದು ನೆಲಮಾಳಿಗೆಯಲ್ಲಿ ದಿನದಿನವೂ ಕುಳಿತು ಮಾಡಿದ ಅಭ್ಯಾಸದಿಂದ. ನೋವು ಅದನ್ನು ನಿಲ್ಲಿಸಲು ನೋಡಿತು, ಅಷ್ಟೆ.

ಮಗ ಬಿಟ್ಟುಹೋದದ್ದು ಹಾಡುಗಳನ್ನು ಮಾತ್ರವಲ್ಲ, ತೆರಿಗೆ ಬಾಕಿಯನ್ನೂ. ಕಿವಿಗೆ ಇರುವ ಶಿಸ್ತು ಕಾಗದಪತ್ರಗಳಿಗೂ ಬೇಕೆಂಬುದು ಕಲೆಯ ಹಾದಿ ಹಿಡಿಯುವ ಮಕ್ಕಳು ಮನೆಯಲ್ಲೇ ಕಲಿಯಬಹುದಾದ ಪಾಠ. ಆತನ ಸೃಷ್ಟಿಯಿಂದ ಬರುವ ಆದಾಯದ ವಿಷಯದಲ್ಲಿ ತಾಯಿ ವರ್ಷಗಟ್ಟಲೆ ತೊಳಲಬೇಕಾಯಿತು. ಆದರೂ ಆಕೆ ಮಗನ ಹೆಸರಿನಲ್ಲಿ ಪ್ರತಿಷ್ಠಾನ ಕಟ್ಟಿ ಮಕ್ಕಳ ಸಂಗೀತ ಶಿಕ್ಷಣಕ್ಕೆ ನೆರವಾದರು. 2014ರಲ್ಲಿ ಆತನ ಎಂಪಿಸಿಯನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.

ಕೇರಿಯ ಹುಡುಗರು ಒಂದು ಕಾಲಕ್ಕೆ ಸರದಿಯಲ್ಲಿ ಕಾಯುತ್ತಿದ್ದಂಥ ಯಂತ್ರ ಈಗ ದೇಶದ ಆಸ್ತಿ. ನೋಡಲು ಬರುವವರಿಗೆ ಕಾಣುವುದು 16 ಗುಂಡಿಗಳು ಮಾತ್ರ. ಬೆರಳು ನೀವುತ್ತ ಕುಳಿತಿದ್ದ ತಾಯಿಯ ಕೈ ಆ ಪೆಟ್ಟಿಗೆಯ ಮೇಲೆ ಕಾಣುವುದಿಲ್ಲ. ಬಲ್ಲವರಿಗೆ ತಾಳದಲ್ಲಿ ಕೇಳಿಸೀತು.