ಅಜ್ಜಿ ಹೋಗಿ ಅಕ್ಕಿ ಆದದ್ದು

ಹೋದ ದೀಪಾವಳಿಗೆ ಎರಡು ವಾರ ಇರುವಾಗ ಆಸ್ಟಿನ್‌ನಿಂದ ಮಗಳ ಫೋನು ಬಂತು. "ಅಪ್ಪಾ, ಅಜ್ಜಿ ಕಜ್ಜಾಯ ಮಾಡೋದನ್ನ ನೀನು ಕಂಪ್ಯೂಟರಿನಲ್ಲಿ ಬರ್ಕೊಂಡಿದ್ದೆಯಲ್ಲ, ಅದನ್ನ ಕಳಿಸು" ಎಂದಳು. ಆಗಲಿ ಎಂದುಬಿಟ್ಟೆ. ಫೋನಿಟ್ಟ ಮೇಲೆ ಎದೆ ಧಸಕ್ಕೆಂದಿತು.

1994ರಲ್ಲಿ ನಮ್ಮಮ್ಮ ಹ್ಯೂಸ್ಟನ್‌ಗೆ ಬಂದು ಆರು ತಿಂಗಳು ಇದ್ದರು. ಈ ಊರಿನಲ್ಲಿ ಕಾರಿಲ್ಲದವರು ಮನೆಯೊಳಗಿನ ಕೈದಿಗಳೇ ಎಂಬುದು ನಿಮಗೆ ಗೊತ್ತು. ಸಂಜೆ ನಾನು ಬರುವುದನ್ನೇ ಕಾದಿದ್ದು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಅವರು ಅಡುಗೆಗಳನ್ನು ಹೇಳುವುದು, ನಾನು ಟೈಪು ಮಾಡುವುದು. ಶೇಷಾದ್ರಿವಾಸು ಅವರ 'ಬರಹ' ಬಂದದ್ದು 1998ರಲ್ಲಿ. ಅದಕ್ಕೆ ಮುಂಚೆ ನನ್ನಂಥವರ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ. ಮಗಳಿಗೆಂದು ಬರೆದದ್ದಾದ್ದರಿಂದ ಫೈಲಿಗೆ 'ಅಜ್ಜಿ' ಎಂದು ಹೆಸರಿಟ್ಟಿದ್ದೆ. ಅಮ್ಮ 2009ರಲ್ಲಿ ತೀರಿಕೊಂಡರು. ಫ್ಲಾಪಿಯಲ್ಲಿದ್ದ ಇನ್ನೊಂದು ಕಾಪಿ ಮನೆ ಬದಲಾಯಿಸುವಾಗ ಎಲ್ಲೋ ಕಳೆದುಹೋಯಿತು. ಉಳಿದದ್ದು ಗರಾಜಿನಲ್ಲಿ ಹಳೇ ಬೆಡ್‌ಶೀಟು ಹೊದ್ದು ಕೂತಿದ್ದ ಡೆಸ್ಕ್‌ಟಾಪು ಒಂದೇ.

ನಮ್ಮ ಟೆಕ್ಸಸ್ಸಿಗೂ ಕಂಪ್ಯೂಟರಿಗೂ ಹಳೆಯ ನಂಟು. 1958ರಲ್ಲಿ ಡಾಲಸ್‌ನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಜ್ಯಾಕ್ ಕಿಲ್ಬಿ ಮೊದಲ ಚಿಪ್ಪು ಮಾಡಿ ತೋರಿಸಿದರು. 1982ರಲ್ಲಿ ಹ್ಯೂಸ್ಟನ್‌ನಲ್ಲಿ ಕಾಂಪ್ಯಾಕ್ ಹುಟ್ಟಿತು. 1984ರಲ್ಲಿ ಆಸ್ಟಿನ್‌ನ ಯೂನಿವರ್ಸಿಟಿ ಹಾಸ್ಟೆಲಿನ ಕೋಣೆಯಲ್ಲಿ ಮೈಕಲ್ ಡೆಲ್ ವ್ಯಾಪಾರ ಶುರು ಮಾಡಿದರು. ಕನ್ನಡದವರು ಎಷ್ಟೋ ಮಂದಿ ಈ ಮೂರು ಊರುಗಳಿಗೆ ಬಂದದ್ದೇ ಈ ಕಾರಣಕ್ಕೆ. ನನ್ನ ಡಬ್ಬಿ ಯಾವ ಕಂಪೆನಿಯದು ಎಂದು ಮಾತ್ರ ಹೇಳುವುದಿಲ್ಲ. ಮೂವತ್ತು ವರ್ಷವಾದ ಮೇಲೆ ದೂರು ಹೇಳುವುದು ನ್ಯಾಯವಲ್ಲ. ಅದರೊಳಗಿನ ವಿಡಿಯೋ ಕಾರ್ಡನ್ನಂತೂ 1993ರಲ್ಲಿ ಡಾಲಸ್‌ನ ಮೊದಲ ಶನಿವಾರದ ಸಂತೆಯಲ್ಲಿ, ಬೆಳಕು ಹರಿಯುವ ಮುಂಚೆ ಟಾರ್ಚು ಹಿಡಿದು ಕೊಂಡದ್ದು. ಜೊತೆಗಿದ್ದ ಗೆಳೆಯ ಈಗಲೂ ಡಾಲಸ್‌ನಲ್ಲೇ ಇದ್ದಾನೆ. ಅವನ ಮಾತು ಮುಂದೆ ಬರುತ್ತದೆ.

ಸ್ವಿಚ್ ಹಾಕಿದೆ. ಫ್ಯಾನು ತಿರುಗಿತು, ಡಿಸ್ಕು ಗುರುಗುಟ್ಟಿತು. ಪರವಾಗಿಲ್ಲವೇ ಎಂದುಕೊಳ್ಳುವಷ್ಟರಲ್ಲಿ ಪರದೆಯ ತುಂಬ ಆಶ್ಚರ್ಯಸೂಚಕ ಚಿಹ್ನೆಗಳು! ಖಾಲಿ ಇರಬೇಕಾದ ಕಡೆಯೆಲ್ಲ ಅವೇ. ನನ್ನನ್ನು ಇಷ್ಟು ವರ್ಷದ ಮೇಲೆ ನೋಡಿ ಯಂತ್ರಕ್ಕೇ ಆಶ್ಚರ್ಯವಾದಂತಿತ್ತು. ಫೈಲುಗಳ ಪಟ್ಟಿ ತರಿಸಿ ಮೇಲಿಂದ ಕೆಳಗೆ ಹುಡುಕಿದೆ. 'ಅಜ್ಜಿ' ಇಲ್ಲ. 'ಅಕ್ಕಿ' ಎಂಬುದೊಂದಿತ್ತು. ಅಕ್ಕಿಯ ವಿಷಯವಾಗಿ ನಾನು ಎಂದೂ ಫೈಲು ಮಾಡಿದವನಲ್ಲ.

ಇರಲಿ ಎಂದು 'ಅಕ್ಕಿ' ತೆರೆಯಲು ಹೋದರೆ ಏನೂ ಇಲ್ಲದ ಹೊಸ ಪುಟ ಬಂತು. ಕೊನೆಗೆ ಹಟಕ್ಕೆ 'ಅಜ್ಜಿ' ಎಂದೇ ಹೊಡೆದೆ. ಪರದೆಯ ಮೇಲೆ ಮೂಡಿದ್ದು 'ಅಕ್ಕಿ', ಆದರೆ ಫೈಲು ತೆರೆದುಕೊಂಡಿತು! ಒಳಗೆ ನೋಡಿದರೆ ಬೆಲ್ಲ ಹೋಗಿ 'ಸೆಮ್ಮ' ಆಗಿದೆ, ಎಳ್ಳು 'ಎಮ್ಮು' ಆಗಿದೆ, ಏಲಕ್ಕಿ 'ಎಮಕ್ಕಿ', ಕಜ್ಜಾಯವಂತೂ 'ಕಕ್ಕಾಯ'. ವಿಚಿತ್ರವೆಂದರೆ ಅಕ್ಕಿ, ಗಸಗಸೆ, ಅಮ್ಮ ಈ ಮೂರು ಮಾತ್ರ ಎಲ್ಲಿ ನೋಡಿದರೂ ಸರಿಯಾಗಿದ್ದವು.

ಡಿಸ್ಕು ಕೊಳೆತು ಅಮ್ಮನ ಮಾತು ಕೆಟ್ಟುಹೋಯಿತು ಎಂದೇ ತೀರ್ಮಾನಿಸಿದೆ. ಇರುವಷ್ಟನ್ನು ಊಹೆಯ ಮೇಲೆ ತಿದ್ದಿ ಉಳಿಸೋಣವೆಂದು ಕೂತೆ. 'ಸೆಮ್ಮ' ಅಳಿಸಿ ಬೆಲ್ಲ ಎಂದು ಹೊಡೆದರೆ ಮತ್ತೆ 'ಸೆಮ್ಮ'! ಸಿಟ್ಟು ಬಂದು ಡಾಲಸ್‌ಗೆ ಫೋನು ಮಾಡಿದೆ. ಗೆಳೆಯ ಚಿಪ್ಪುಗಳ ಕೆಲಸದಲ್ಲೇ ಇದ್ದು ನಿವೃತ್ತನಾದವನು. ಪೂರ್ತಿ ಕೇಳದೆಯೇ, "ಮಾರಾಯ, ಏನನ್ನೂ ಸೇವ್ ಮಾಡಬೇಡ, ಹಾಗೇ ಹೊರಗೆ ಬಾ!" ಎಂದು ಕೂಗಿದ.

ಅವನು ಹೇಳಿದ್ದು ಇಷ್ಟು. ಕಂಪ್ಯೂಟರಿಗೆ ಅಕ್ಷರ ಎಂದರೆ ಒಂದು ಸಂಖ್ಯೆ. ಚಿಕ್ಕ 'ಎ' 97, 'ಬಿ' 98, 'ಸಿ' 99. ಖಾಲಿ ಜಾಗಕ್ಕೂ ಸಂಖ್ಯೆಯಿದೆ, 32. ಆಶ್ಚರ್ಯಸೂಚಕಕ್ಕೆ 33. ಈ ಸಂಖ್ಯೆಗಳು ಎಂಟು ಸೊನ್ನೆ-ಒಂದುಗಳಾಗಿ ಇರುತ್ತವೆ. ಕೊನೆಯ ಸ್ಥಾನದಲ್ಲಿ ಸೊನ್ನೆ ಇದ್ದರೆ ಸಮಸಂಖ್ಯೆ, ಒಂದಿದ್ದರೆ ಬೆಸ. ಆ ಸ್ಥಾನ ಯಾವಾಗಲೂ ಒಂದೇ ಎಂದು ಓದಿಸಿಕೊಂಡರೆ ಬೆಸಗಳು ಹಾಗೇ ಉಳಿಯುತ್ತವೆ, ಸಮಗಳು ಮುಂದಿನ ಮನೆಗೆ ಜಿಗಿಯುತ್ತವೆ. 'ಜೆ' 106, ಅದು 107 ಆಗಿ 'ಕೆ' ಆಯಿತು. ಅಜ್ಜಿ ಅಕ್ಕಿಯಾದದ್ದು ಹೀಗೆ. ಅಮ್ಮ ಎಂದು ಬರೆಯುವ 'ಎ', 'ಎಮ್' ಎರಡೂ ಬೆಸ.

"ನೀನು ಹೊಡೆದ ಆಜ್ಞೆಗಳನ್ನು ಯಂತ್ರ ನಡೆಸುತ್ತಿದೆ ತಾನೇ? ಹಾಗಾದರೆ ಕೀಬೋರ್ಡೂ ಸರಿ, ಡಿಸ್ಕೂ ಸರಿ. ತೋರಿಸುವವನು ತಪ್ಪು ತೋರಿಸುತ್ತಿದ್ದಾನೆ. ವಿಡಿಯೋ ಕಾರ್ಡಿಗೆ ಅದರದೇ ಮೆಮೊರಿ ಇರುತ್ತದೆ, ಅಲ್ಲಿ ನೋಡು" ಎಂದ. ನಾನು ಸೇವ್ ಮಾಡಿದ್ದರೆ? ಸರಿಯಾಗಿದ್ದ ಫೈಲನ್ನು ನಾನೇ ಕೂತು ಕೆಡಿಸಿಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಪ್ಲಗ್ಗು ಕಿತ್ತು, ಮೈಯ ಸ್ಟ್ಯಾಟಿಕ್ ಹೋಗಲೆಂದು ಲೋಹದ ಚೌಕಟ್ಟು ಮುಟ್ಟಿ, ಕಾರ್ಡು ಹೊರತೆಗೆದೆ. ಮೊದಲು ಅಂಚಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಮೊಮ್ಮಗನ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಪ್ರಯೋಜನವಾಗಲಿಲ್ಲ, ಅದೇ ಆಶ್ಚರ್ಯ. ಎರಡನೇ ಸಲ ತೆಗೆದಾಗ ಕನ್ನಡಕ ಹಾಕಿಕೊಂಡು ನೋಡಿದೆ (ಮೊದಲೇ ಹಾಕಿಕೊಳ್ಳಬೇಕಿತ್ತು). ಎಂಟು ಮೆಮೊರಿ ಚಿಪ್ಪುಗಳು, ಬೆಸುಗೆ ಹಾಕಿದವಲ್ಲ, ಸಾಕೆಟ್ಟಿನಲ್ಲಿ ಕೂರಿಸಿದವು. ಅವುಗಳಲ್ಲಿ ಒಂದರ ತಲೆ ಒಂದು ಕಡೆ ಕೂದಲೆಳೆಯಷ್ಟು ಎದ್ದಿತ್ತು. ಬಿಸಿಯಾದಾಗ ಹಿಗ್ಗಿ, ತಣಿದಾಗ ಕುಗ್ಗಿ, ಇಂಥ ಚಿಪ್ಪುಗಳು ವರ್ಷಗಟ್ಟಲೆ ತೆವಳುತ್ತ ಮೇಲೆ ಬರುತ್ತವಂತೆ. ಹ್ಯೂಸ್ಟನ್ ಗರಾಜಿನ ಬೇಸಿಗೆಗಳನ್ನು ಅಷ್ಟು ಕಂಡ ಮೇಲೆ ಯಾರು ತಾನೇ ಕೂತಲ್ಲಿ ಕೂತಿರುತ್ತಾರೆ? ಕಾರ್ಡು ಬಗ್ಗದಂತೆ ಅಡಿಯಲ್ಲಿ ಪುಸ್ತಕ ಇಟ್ಟು ಹೆಬ್ಬೆರಳಿನಿಂದ ಅದುಮಿದೆ. ಕಟಕ್ ಎಂದಿತು. ಅಷ್ಟೇ ರಿಪೇರಿ.

ಈ ಸಲ ಕಪ್ಪು ಪರದೆ ಕಪ್ಪಾಗಿಯೇ ಇತ್ತು. ಪಟ್ಟಿಯಲ್ಲಿ ಅಜ್ಜಿ ಇದ್ದರು. ತೆರೆದು ಓದುತ್ತ ಹೋದೆ. ಆಗ ನನಗೆ ಟೈಪಿಂಗ್ ಹೊಸದು, ಕಿವಿಗೆ ಬಿದ್ದದ್ದನ್ನೆಲ್ಲ ಹೊಡೆದುಬಿಟ್ಟಿದ್ದೇನೆ. ಅಕ್ಕಿ ನೆನೆಸುವುದಕ್ಕೂ ಪಾಕಕ್ಕೂ ನಡುವೆ "ಮಗು ಮಲಗಿತೇನೋ ನೋಡು" ಎಂದಿದೆ. ಇನ್ನೊಂದು ಕಡೆ, "ಇದನ್ನೂ ಬರೀತಿದ್ದೀಯೇನೋ? ಅಳಿಸು." ಅಳಿಸಿಲ್ಲ.

ಪರದೆಯ ಫೋಟೋ ತೆಗೆದು ಆಸ್ಟಿನ್‌ಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಮಗಳ ಫೋನು.

"ಅಪ್ಪಾ, ಬೆಲ್ಲ ಅಕ್ಕಿಗೆ ತಕ್ಕಷ್ಟು, ಪಾಕ ಹದ ಬಂದಾಗ ಇಳಿಸು ಅಂತಿದೆ. ತಕ್ಕಷ್ಟು ಅಂದ್ರೆ ಎಷ್ಟು?"

ಫೋನನ್ನು ನನ್ನವಳ ಕೈಗೆ ಕೊಟ್ಟೆ.