ಹಿನ್ನೀರಿನ ನೆರೆಹೊರೆ

ಊರು ಒಂದು ಕಡೆ, ಊರಾಚೆಗೆ ಕೆರೆ, ಕೆರೆಯಾಚೆಗೆ ಕಾಡು ಎಂಬ ಕ್ರಮವು ನಮ್ಮ ನಾಡಿನ ಬಹುಮಂದಿಯ ಮನಸ್ಸಿನಲ್ಲಿ ದೃಢವಾಗಿ ನೆಲೆಗೊಂಡಿರುವುದರಿಂದ, ಬೀದರ ಜಿಲ್ಲೆಗೆ ಮೊದಲ ಸಲ ಕಾಲಿಟ್ಟವರಿಗೆ ಇಲ್ಲಿ ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಮೊದಲಾಯಿತೆಂಬುದು ಸುಲಭವಾಗಿ ತಿಳಿಯುವುದಿಲ್ಲ. ಆನೆಗಳು ಇಳಿದುಬರುವ ಕಬಿನಿಯ ತೀರವನ್ನೋ, ಆಗುಂಬೆಯ ಮಳೆಗಾಡನ್ನೋ ಕಂಡು ಪಳಗಿದ ಕಣ್ಣು ರಾಜ್ಯದ ಈ ಉತ್ತರದ ತುದಿಯಲ್ಲಿ, ಮಹಾರಾಷ್ಟ್ರ ತೆಲಂಗಾಣಗಳೆರಡಕ್ಕೂ ಹೆಗಲು ತಾಕಿಸಿ ಕುಳಿತಿರುವ ತೊಗರಿ, ಜೋಳ, ಸೋಯಾಗಳ ಬಯಲಿನಲ್ಲಿ ಅರಣ್ಯದ ಬಾಗಿಲನ್ನು ಹುಡುಕುತ್ತ ಹೊರಟರೆ ದಿನವಿಡೀ ಹುಡುಕುತ್ತಲೇ ಇರಬೇಕಾದೀತು. ಬಾಗಿಲು ಇಲ್ಲದಿರುವುದೇ ಇಲ್ಲಿಯ ಅರಣ್ಯದ ಲಕ್ಷಣ. ಕೆರೆ, ಹೊಲ, ಕಾಡು ಎಂಬುವು ಇಲ್ಲಿ ಮೂರು ಸ್ಥಳಗಳಲ್ಲ. ಒಂದೇ ನೆಲವು ತಿಂಗಳಿಗೊಂದರಂತೆ ಧರಿಸುವ ಮೂರು ಅವಸ್ಥೆಗಳೆಂದು, ಭಾಲ್ಕಿಯಲ್ಲಿ ಬಹುಕಾಲ ನೆಲೆಸಿದ ಮೇಲೆ, ನನಗೆ ತೋರತೊಡಗಿದೆ.

ನೀರಿನ ಮಾತನ್ನೇ ಮೊದಲು ಹೇಳುವೆನು. ಬೀದರ ನಗರವು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿ, ಜಂಬಿಟ್ಟಿಗೆಯ ಪೀಠಭೂಮಿಯೊಂದರ ಅಂಚಿನಲ್ಲಿ ನಿಂತಿದೆ. ಮೇಲೆ ರಂಧ್ರಮಯವಾದ ಕೆಂಗಲ್ಲು, ಅದರ ಕೆಳಗೆ ನೀರಿಗೆ ಸುಲಭವಾಗಿ ಎಡೆಗೊಡದ ಕರಿಯ ಬಸಾಲ್ಟು. ಸುರಿದ ಮಳೆಯು ಕೆಂಪನ್ನು ದಾಟಿ ಕಪ್ಪಿನ ಮೇಲೆ ತಂಗಿ, ಮುಂದೆ ಹೋಗಲು ಹಾದಿಗಾಣದೆ, ಪೀಠಭೂಮಿಯ ಓರೆಗಳಲ್ಲಿ ಅಲ್ಲಲ್ಲಿ ಝರಿಯಾಗಿ ಹೊರಬೀಳುತ್ತದೆ. ಪಾಪನಾಶದ ಶಿವಾಲಯದ ಮಗ್ಗುಲಿನ ಕೊಳ, ಗುರುನಾನಕರ ಪಾದಸ್ಪರ್ಶದಿಂದ ಸಿಹಿನೀರು ಚಿಮ್ಮಿತೆಂದು ಸಿಖ್ಖರು ನಂಬಿ ದೇಶದ ಮೂಲೆಮೂಲೆಗಳಿಂದ ಬಂದು ಸೇವಿಸುವ ನಾನಕ ಝೀರಾ, ಎದೆಮಟ್ಟದ ನೀರಿನಲ್ಲಿ ಕೂಸುಗಳನ್ನು ಹೆಗಲಿಗೇರಿಸಿಕೊಂಡು, ತಲೆಯ ಮೇಲೆ ಬಾವಲಿಗಳ ಚೀತ್ಕಾರವನ್ನು ಕೇಳುತ್ತ, ಕಗ್ಗವಿಯ ತುದಿಯಲ್ಲಿರುವ ದೇವರ ದರ್ಶನಕ್ಕೆ ಭಕ್ತರು ನಡೆದುಹೋಗುವ ಝರಣಿ ನರಸಿಂಹ, ಈ ಮೂರಕ್ಕೂ ಭಕ್ತಿಯ ಕಾರಣಗಳು ಬೇರೆಬೇರೆಯಾದರೂ ಶಿಲೆಯ ಕಾರಣವು ಒಂದೇ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಹನು ಕಲಬುರಗಿಯನ್ನು ತೊರೆದು ರಾಜಧಾನಿಯನ್ನು ಇಲ್ಲಿಗೆ ತಂದಾಗ, ಆ ಆಸ್ಥಾನದ ಹಿಂದೆ ಬಂದ ಪಾರಸಿಕ ವಿದ್ಯೆಯು ಇದೇ ರಹಸ್ಯವನ್ನು ಹಿಡಿದು ನೌಬಾದಿನಲ್ಲಿ ನೆಲದೊಳಗೆ ಕರೇಜ್ ಎಂಬ ಸುರಂಗನಾಲೆಯನ್ನು ಕೊರೆಯಿತು. ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸೆಯ ಮಿನಾರನ್ನು ತಲೆಯೆತ್ತಿ ನೋಡಿ ಬೆರಗಾಗುವ ಪ್ರವಾಸಿಗಳು ಅನೇಕರು. ತಲೆ ಬಗ್ಗಿಸಿ ಆ ನಾಲೆಯ ಗಾಳಿಬಾವಿಗಳೊಳಗೆ ಇಣುಕುವವರು ವಿರಳ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ವಾಸ್ತುವೆಂದು ಹೇಳಲು ಸಂಕೋಚವಿಲ್ಲ.

ಬೀದರದಿಂದ ಪಶ್ಚಿಮೋತ್ತರಕ್ಕೆ ಇಳಿದರೆ ಕೆಂಪುನೆಲ ಮುಗಿದು ಕರಿಯ ಎರೆಯ ನೆಲ ಮೊದಲಾಗುತ್ತದೆ. ಮಳೆಗಾಲದಲ್ಲಿ ಚಪ್ಪಲಿಯನ್ನು ಕಿತ್ತುಕೊಳ್ಳುವಷ್ಟು ಅಂಟು, ವೈಶಾಖದಲ್ಲಿ ಕರುವಿನ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಭಾಲ್ಕಿಯು ಈ ಎರೆಯ ನಾಡಿನ ಊರು. ಭಾಲ್ಕೇಶ್ವರನ ಗುಡಿ, ಹಳೆಯ ಕೋಟೆ, ಪರಳಿಯ ಕಡೆಗೆ ಹೋಗುವ ರೈಲು, ಗಂಜಿನಲ್ಲಿ ತೊಗರಿಯ ರಾಶಿ, ಇಷ್ಟನ್ನು ಹೇಳಿದರೆ ಹೊರಗಿನ ರೂಪವನ್ನು ಹೇಳಿ ಮುಗಿಸಿದಂತೆಯೇ. ಒಳಗಿನ ರೂಪವನ್ನು ಹೇಳಬೇಕಾದರೆ ಹಿರೇಮಠ ಸಂಸ್ಥಾನದ ಡಾ. ಚನ್ನಬಸವ ಪಟ್ಟದ್ದೇವರನ್ನು ನೆನೆಯದೆ ಗತಿಯಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡದ ಅಕ್ಷರಗಳನ್ನು ತಿದ್ದಿಸಿದ ಆ ಮಹನೀಯರು ನೂರರ ಗಡಿಯನ್ನು ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದರು. ಇಂದಿಗೂ ಈ ಊರಿನ ಅಂಗಡಿಯ ಕಟ್ಟೆಯೊಂದರಲ್ಲಿ ಅರ್ಧ ಗಳಿಗೆ ಕುಳಿತರೆ ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಂದೇ ವಾಕ್ಯದಲ್ಲಿ ಜಗಳವಿಲ್ಲದೆ ಕುಳಿತಿರುವುದನ್ನು ಕೇಳಬಹುದು. 1956ರಲ್ಲಿ ಭಾಷೆಯ ಗೆರೆಯನ್ನು ಎಳೆದವರು ಹಳೆಯ ಬೀದರ ಜಿಲ್ಲೆಯಿಂದ ಉದಗೀರವನ್ನು ಒಂದು ಕಡೆಗೂ ಜಹೀರಾಬಾದನ್ನು ಇನ್ನೊಂದು ಕಡೆಗೂ ಹಂಚಿದರು. ಬೀಗತನಗಳನ್ನು ಮಾತ್ರ ಹಂಚಲಾಗಲಿಲ್ಲ.

ಭಾಲ್ಕಿಯನ್ನು ಸರೋವರತೀರದ ಪಟ್ಟಣವೆಂದು ಕರೆದರೆ ಭಾಲ್ಕಿಯವರೇ ನಕ್ಕಾರು. ನೀರು ಊರಿನಿಂದ ಕೆಲವು ಹರದಾರಿಗಳಾಚೆ ಇದೆ. ಆದರೆ ನಲ್ಲಿಯ ನೀರಿನ ಮಾತು ಬಂದಾಗ, ಮೀನಿನ ಮಾತು ಬಂದಾಗ, ಮಗಳನ್ನು ಯಾವ ಊರಿಗೆ ಕೊಡಬೇಕೆಂಬ ವಿಚಾರ ಬಂದಾಗ ಸಹ, ಆ ನೀರು ಮನೆಯ ಜಗಲಿಯವರೆಗೆ ಬಂದು ನಿಲ್ಲುತ್ತದೆ. ಕಾರಂಜಾ ಎಂಬುದು ಮಾಂಜ್ರಾ ನದಿಯ ಒಂದು ಉಪನದಿ; ಮಾಂಜ್ರೆಯು ಬಾಲಾಘಾಟದ ಗುಡ್ಡಗಳಲ್ಲಿ ಹುಟ್ಟಿ, ನಮ್ಮ ಸೀಮೆಯನ್ನು ಬಳಸಿಕೊಂಡು ಹೋಗಿ, ಕೊನೆಗೆ ಗೋದಾವರಿಯನ್ನು ಸೇರುವಳು. ಕೃಷ್ಣೆ ಕಾವೇರಿಯರ ಹೆಸರಿನಲ್ಲಿ ಹಾಡಿ ಹೊಗಳುವ ಕರ್ನಾಟಕದಲ್ಲಿ ಗೋದಾವರಿಯ ಮಕ್ಕಳಾದ ನಾವು ಕೊಂಚ ಮರೆತುಹೋದವರು. ಈ ಕಾರಂಜೆಗೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಅಡ್ಡಲಾಗಿ ಕಟ್ಟಿದ ಒಡ್ಡಿನ ಹಿಂದೆ, ತುಂಬಿದಾಗ 7.69 ಟಿಎಂಸಿಯಷ್ಟು ನೀರು ನಿಲ್ಲುತ್ತದೆ. ಆದುದರಿಂದ ಇದು ನಿಸರ್ಗವು ತಾನಾಗಿ ತೋಡಿದ ಸರೋವರವಲ್ಲ. ಹೊಲಗಳನ್ನೂ ಬಾವಿಗಳನ್ನೂ ಹುಣಸೆಯ ತೋಪುಗಳನ್ನೂ ಒಳಗಿಟ್ಟುಕೊಂಡು ಮೇಲೆ ಮುಚ್ಚಿದ ಜಲಾವರಣ. ಆ ಹೊಲಗಳನ್ನು ಬಿಟ್ಟುಕೊಟ್ಟವರು ನ್ಯಾಯವಾದ ಪರಿಹಾರಕ್ಕಾಗಿ ವರ್ಷಗಟ್ಟಲೆ ಧರಣಿ ಕುಳಿತುದನ್ನು ಬಲ್ಲವನು, ಆ ಜಲದ ಮೇಲಿನ ಸೂರ್ಯಾಸ್ತವನ್ನು ನಿರಾತಂಕವಾಗಿ ವರ್ಣಿಸಲಾರನು.

ಒಡ್ಡಿನ ಮೇಲೆ ನಿಂತ ಅತಿಥಿಯು ನೀರನ್ನು ನೋಡುತ್ತಾನೆ. ನೆರೆಯ ಹಳ್ಳಿಯವನು ನೀರಿನ ಅಂಚನ್ನು ನೋಡುತ್ತಾನೆ. ದೀಪಾವಳಿ ಕಳೆದ ಮೇಲೆ ಆ ಅಂಚು ದಿನಕ್ಕಿಷ್ಟು ಎಂದು ಹಿಂದೆ ಸರಿಯತೊಡಗಿ, ತಾನು ಬಿಟ್ಟುಹೋದ ಕಡೆ ಬೆಣ್ಣೆಯಷ್ಟು ನುಣುಪಾದ ಗೋಡುಮಣ್ಣನ್ನು ತೆರೆದಿಡುತ್ತದೆ. ನನಗೆ ಪರಿಚಿತರಾದ ಅಣ್ಣತಮ್ಮಂದಿರಿಬ್ಬರ ಪೈಕಿ ಹಿರಿಯನು ಆ ಮಣ್ಣು ಗಟ್ಟಿಯಾಗುವ ಮುನ್ನವೇ ಅದರಲ್ಲಿ ಕಡಲೆಯನ್ನು ಚೆಲ್ಲುವನು. ಉಳುವ ಕೆಲಸವಿಲ್ಲ, ಗೊಬ್ಬರದ ಖರ್ಚಿಲ್ಲ; ಬೇರು ಹಿಂದೆ ಹೋಗುವ ತೇವವನ್ನು ಬೆನ್ನಟ್ಟುತ್ತ ಕೆಳಗಿಳಿಯುವುದು. ಒಂದು ಸಾಯಂಕಾಲ ಅವನೊಡನೆ ಅಲ್ಲಿ ನಿಂತಿದ್ದಾಗ, ಗೋಡಿನೊಳಗಿಂದ ತುಸುವೇ ತಲೆಯೆತ್ತಿದ್ದ ಕಲ್ಲುಗಳ ಸಾಲೊಂದನ್ನು ಕಾಲಿನಿಂದ ತೋರಿಸಿ, "ಇದು ನಮ್ಮಪ್ಪನ ಬದು ಅದರಿ. ಇದರಾಚಿಗಿಂದು ದೊಡ್ಡಪ್ಪಂದು," ಎಂದನು. ಕಾಗದದಲ್ಲಿ ಆ ಬದು ಎಂದೋ ಅಳಿಸಿಹೋಗಿದೆ. ಆದರೆ ದೊಡ್ಡಪ್ಪನ ಮಗನು ಆಚೆಯ ಭಾಗದಲ್ಲಿ ಬಿತ್ತುವನೇ ಹೊರತು ಈಚೆಗೆ ಕಾಲಿಡುವುದಿಲ್ಲ. ಸರಕಾರಕ್ಕೆ ಸೇರಿದ ನೀರಿನ ತಳದಲ್ಲಿ ಎರಡು ಮನೆಗಳ ನಡುವಿನ ಹಳೆಯ ಮರ್ಯಾದೆಯು ಹೀಗೆ ವರ್ಷಕ್ಕೆ ಕೆಲವು ತಿಂಗಳು ಜೀವಂತವಾಗಿ ಎದ್ದು ಬರುತ್ತದೆ.

2016ರ ಬೇಸಿಗೆಯಲ್ಲಿ ಜಲಾಶಯವು ತಳಕಂಡು, ಕುಡಿಯುವ ನೀರಿಗಾಗಿ ಇದನ್ನೇ ನೆಚ್ಚಿದ ಬೀದರ ನಗರದ ಓಣಿಗಳಲ್ಲಿ ಟ್ಯಾಂಕರುಗಳ ಮುಂದೆ ಕೊಡಗಳ ಸಾಲು ಬೆಳೆದಿತ್ತು. ಅದೇ ವರ್ಷದ ಮಳೆಗಾಲದ ಕೊನೆಯಲ್ಲಿ ಆಕಾಶವು ಹಿಂದಿನ ವರ್ಷಗಳ ಬಾಕಿಯನ್ನೆಲ್ಲ ಒಮ್ಮೆಗೇ ತೀರಿಸಲು ಬಂದಂತೆ ಸುರಿದು, ನದಿಗಳು ದಂಡೆ ಮೀರಿದವು. ಹಿರಿಯನಿಗೆ ಆ ಬೇಸಿಗೆಯು ದುಃಖದ್ದೇ ಸುಖದ್ದೇ ಎಂದು ಕೇಳಬೇಕೆಂದು ನಾನು ಹಲವು ಸಲ ಯೋಚಿಸಿ ಸುಮ್ಮನಾಗಿದ್ದೇನೆ, ಏಕೆಂದರೆ ಊರಿಗೆ ನೀರಿಲ್ಲದ ಕಾಲದಲ್ಲಿಯೇ ಅವನ ಅಪ್ಪನ ಹೊಲವು ಪೂರ್ತಿಯಾಗಿ ಬಯಲಿಗೆ ಬರುವುದು.

ಚಳಿಗಾಲದ ಅತಿಥಿಗಳಲ್ಲಿ ಹಿಮಾಲಯದಾಚೆಯಿಂದ ಬರುವ ಬಾತುಗಳೂ ಸೇರಿವೆ. ಅವುಗಳಲ್ಲಿ ಕೇಸರಿ ಬಣ್ಣದ ಚಕ್ರವಾಕವನ್ನು ನಮ್ಮ ಪ್ರಾಚೀನ ಕವಿಗಳು ವಿರಹದ ಪಕ್ಷಿಯಾಗಿ ಮಾಡಿ, ರಾತ್ರಿಯಾದೊಡನೆ ಜೋಡಿಯನ್ನು ಅಗಲಿಸಿ, ಕೊಳದ ಈ ದಡಕ್ಕೊಂದನ್ನು ಆ ದಡಕ್ಕೊಂದನ್ನು ಕೂರಿಸಿಬಿಟ್ಟಿದ್ದಾರೆ. ಬಲೆ ಬಿಡಲು ಇರುಳೆಲ್ಲ ನೀರಿನ ಮೇಲಿರುವ ಮೀನುಗಾರನೊಬ್ಬನಿಗೆ ಈ ಕವಿಸಮಯವನ್ನು ವಿವರಿಸಿದಾಗ ಅವನು ಬೀಡಿಯನ್ನು ಬಾಯಿಂದ ತೆಗೆದು, "ಯಾರ್ ಹೇಳ್ಯಾರ್ರಿ? ಜೋಡಿ ಬಿಟ್ಟು ಕೂಡೋದು ನಾ ಒಂದು ದಿನಾನೂ ನೋಡಿಲ್ಲ," ಎಂದನು. ಕವಿಗಳ ಪರವಾಗಿ ವಾದಿಸಲು ನನ್ನಲ್ಲಿ ಆಧಾರವಿರಲಿಲ್ಲ. ಅವನಿಂದ ಒಂದು ರೋಹು ಮೀನನ್ನು ಕೊಂಡು ಮನೆಗೆ ಬಂದೆನು.

ಆ ಸೋದರರಲ್ಲಿ ಕಿರಿಯನು ಮುಳುಗಡೆಯ ಹಣದಲ್ಲಿ ಔರಾದ ತಾಲ್ಲೂಕಿನಲ್ಲಿ ಮಳೆಯಾಶ್ರಯದ ಹೊಲವನ್ನು ಕೊಂಡನು. ಔರಾದವೆಂದರೆ ಅಮರೇಶ್ವರನ ಜಾತ್ರೆ. ಜಾತ್ರೆಯೆಂದರೆ ಬಿಳಿಯ ಮೈಮೇಲೆ ಕಪ್ಪು ಮಚ್ಚೆಗಳ, ಜೋಲುಕಿವಿಯ ದೇವಣಿ ದನಗಳು. ಅಲ್ಲಿಯ ನೆಲ ಬೋಳು, ಗಾಳಿ ಬಿರುಸು, ಮರಗಳು ದೂರದೂರ. ಅತಿಥಿಗಳಿಗೆ ಅರಣ್ಯವನ್ನು ತೋರಿಸಬೇಕಾದಾಗ ನಾನು ಬೀದರದ ಬಳಿಯ ಹೊನ್ನಿಕೇರಿಯ ಕಾಯ್ದಿಟ್ಟ ಕಾಡಿಗೆ ಕರೆದೊಯ್ಯುವುದುಂಟು. ಸಿದ್ಧೇಶ್ವರನ ಗುಡಿ, ಕೊಳ, ನೆರಳು ಎಲ್ಲವೂ ಅಲ್ಲಿವೆ, ವಾಯುಪಡೆಯ ತರಬೇತಿ ವಿಮಾನಗಳು ಆಕಾಶವನ್ನು ಸೀಳುವ ಸದ್ದೂ ಇದೆ. ಆದರೆ ಕೃಷ್ಣಮೃಗವನ್ನು ಅದರ ಸಂಸಾರಸಮೇತ ಕಾಣಬೇಕಾದರೆ ಕಿರಿಯನ ಹೊಲವೇ ಲೇಸು.

ಎಳ್ಳಮಾವಾಸ್ಯೆಯ ದಿನ ನಮ್ಮ ಸೀಮೆಯಲ್ಲಿ ಊರಿನೊಳಗೆ ಜನರೇ ಉಳಿಯುವುದಿಲ್ಲ. ಜೋಳದ ದಂಟಿನ ಕೊಪ್ಪೆಯೊಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಕೂರಿಸಿ ಪೂಜಿಸಿ, ಹಸಿಕಾಳು, ಸೊಪ್ಪು, ತರಕಾರಿಗಳೆಲ್ಲ ಕೂಡಿ ಬೆಂದ ಭಜ್ಜಿಯನ್ನೂ ಸಜ್ಜೆಯ ರೊಟ್ಟಿಯನ್ನೂ ಗಡಿಗೆಯ ಅಂಬಲಿಯನ್ನೂ ಉಂಡು, ಹೊಲದ ನಾಲ್ಕು ಮೂಲೆಗೂ ಚರಗ ಚೆಲ್ಲುವುದು ಪದ್ಧತಿ. ಮೈಸೂರಿನಿಂದ ಬಂದ ಮಿತ್ರರೊಬ್ಬರೊಡನೆ ನಾವು ಹಾಗೆ ಉಂಡು ಕೊಪ್ಪೆಯ ಮುಂದೆ ಒರಗಿದ್ದಾಗ, ತೊಗರಿಯ ಸಾಲಿನಾಚೆಯ ಬೀಳುನೆಲದಲ್ಲಿ ಹೋರಿಯೊಂದು ಕಾಣಿಸಿತು: ಬೆನ್ನು ಗಾಢವಾದ ಕಪ್ಪು, ಹೊಟ್ಟೆ ಬಿಳುಪು, ಕಣ್ಣಿನ ಸುತ್ತ ಬಿಳಿಯ ಬಳೆ, ತಿರುಚಿ ಮೇಲೇರಿದ ಕೊಂಬು. ತನ್ನ ಹಿಕ್ಕೆಯ ಗುಪ್ಪೆಯ ಮೇಲೆಯೇ ಅದು ಯಜಮಾನಿಕೆಯ ಗಾಂಭೀರ್ಯದಿಂದ ನಿಂತಿತ್ತು. ಇನ್ನೊಂದು ಗಂಡು ಆ ಗುಪ್ಪೆಯ ಗಡಿಯನ್ನು ಮೀರಬಾರದೆಂಬುದು ಅವುಗಳ ಕಾನೂನು. ಹಿಂದೆ ಕಂದುಬಣ್ಣದ ಹೆಣ್ಣುಗಳ ಹಿಂಡು ಕಿರಿಯನ ಕಡಲೆಯ ಎಳೆಗುಡಿಗಳನ್ನು ಸಾಲು ಹಿಡಿದು ಮೇಯುತ್ತಿತ್ತು. ಹೊಲದ ಸುತ್ತ ಬಿಗಿದಿದ್ದ ಹಳೆಯ ಸೀರೆಗಳು, ಹಳದಿಯದೊಂದು, ನೀಲಿಯದೊಂದು, ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿದ್ದುವು. ಅವುಗಳ ಸದ್ದಿಗೆ ಮೃಗಗಳು ಎಂದೋ ಒಗ್ಗಿಹೋಗಿದ್ದುವು. ಮಿತ್ರರು ಆನಂದದಿಂದ ಎದ್ದುನಿಂತ ಕೂಡಲೇ ಒಂದು ಹೆಣ್ಣು ನಾಲ್ಕು ಕಾಲನ್ನೂ ಒಟ್ಟಿಗೆ ನೆಲದಿಂದ ಕಿತ್ತು ನೆಟ್ಟಗೆ ಮೇಲಕ್ಕೆ ನೆಗೆಯಿತು, ಮತ್ತೊಂದು ನೆಗೆಯಿತು, ಇಡಿಯ ಹಿಂಡು ಸಾಲಾಗಿ ನೆಗೆಯುತ್ತ ಸರಿದು ದೂರದಲ್ಲಿ ನಿಂತು ತಿರುಗಿ ನೋಡಿತು.

"ಇವನ್ನು ನೀವು ಓಡಿಸುವುದಿಲ್ಲವೇ?" ಎಂದು ಮಿತ್ರರು ಕೇಳಿದರು.

"ಎಲ್ಲಿಗಿ ಓಡಸ್ಲಿರಿ? ಇಲ್ಲಿಂದ ಓಡಸಿದ್ರ ಆ ಹೊಲಕ್ಕ ಹೋಗ್ತಾವ. ಆ ಹೊಲ ನಮ್ಮ ಬೀಗರದು," ಎಂದು ಕಿರಿಯನು ಅಂಬಲಿಯನ್ನು ಬಗ್ಗಿಸಿದನು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗಕ್ಕೆ ಅತ್ಯುಚ್ಚವಾದ ರಕ್ಷಣೆಯನ್ನು ಕೊಟ್ಟಿರುವುದು ಉಚಿತವೇ. ಆದರೆ ಆ ಕಾಯಿದೆಯ ಖರ್ಚನ್ನು ಔರಾದದಲ್ಲಿ ನಿತ್ಯವೂ ಭರಿಸುವವನು, ಮಾಘದ ಚಳಿಯಲ್ಲಿ ಕಂಬಳಿ ಹೊದ್ದು ಮಂಚಿಕೆಯ ಮೇಲೆ ಕುಳಿತು ತಗಡು ಬಾರಿಸುವ ರೈತನು. ಅಭಯಾರಣ್ಯಗಳ ಪಟ್ಟಿಯಲ್ಲಿ ಅವನ ಸರ್ವೆ ನಂಬರು ಎಲ್ಲಿಯೂ ಇಲ್ಲ. ತನ್ನ ಹೊಲವನ್ನು ಮೃಗಗಳಿಗೆ ಬಿಟ್ಟುಕೊಟ್ಟವನೆಂಬ ಕೀರ್ತಿಯೂ ಅವನಿಗೆ ಬೇಡ. ಬರಬೇಕಾದ ಪರಿಹಾರವು ಸುಗ್ಗಿಯೊಳಗೆ ಬಂದರೆ ಸಾಕೆನ್ನುವನು. ಒಬ್ಬ ಮಗನ ಪಾಲನ್ನು ನೀರು ಕೊಂಡಿತು, ಇನ್ನೊಬ್ಬನ ಬೆಳೆಯನ್ನು ಜಿಂಕೆ ಕೊಳ್ಳುತ್ತಿದೆ. ಆ ಮನೆಯಲ್ಲಿ ಇದನ್ನು ಕುರಿತು ಯಾರೂ ನಿಟ್ಟುಸಿರಿಡುವುದನ್ನು ನಾನು ಕೇಳಿಲ್ಲ, ಲೆಕ್ಕ ಹಾಕುವುದನ್ನು ಮಾತ್ರ ಕೇಳಿದ್ದೇನೆ.

ಊರಿಗೆ ಮರಳುವಾಗ ಮಿತ್ರರು, ಮುಂದಿನ ಸಲ ಸಕುಟುಂಬವಾಗಿ ಬರಲು ಯಾವ ಮಾಸವು ಪ್ರಶಸ್ತವೆಂದು ವಿಚಾರಿಸಿದರು. ನಾನು ಉತ್ತರಿಸುವ ಮೊದಲೇ, ಹಬ್ಬದೂಟಕ್ಕೆಂದು ಭಾಲ್ಕಿಯಿಂದ ನಮ್ಮೊಡನೆ ಬಂದಿದ್ದ ಹಿರಿಯನು ಜೀಪಿನ ಹಿಂದಿನ ಆಸನದಿಂದ, "ಮೇ ತಿಂಗಳಾಗ ಬರ್ರಿ. ನೀರು ಪೂರಾ ಇಳೀತದ, ನಮ್ಮ ಬಾವಿ ತೋರಸ್ತೀನಿ," ಎಂದನು. ಮೇ ತಿಂಗಳಿನಲ್ಲಿ ಇಲ್ಲಿಯ ಬಿಸಿಲು ಎಂಥದೆಂದು ಮಿತ್ರರು ನನ್ನನ್ನು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ನಾನು ಇದ್ದುದನ್ನು ಇದ್ದಂತೆಯೇ ಹೇಳಿದೆನು. ಅವರು ಡಿಸೆಂಬರಿಗೆ ಟಿಕೆಟು ತೆಗೆಸಿದ್ದಾರೆ.